ಗೂಬೆ, ಇಲಿ ಮತ್ತು ಹಳೆಯ ಬೂಟು: ಒಂದು ಕಂಪ್ಯೂಟರ್ ಆಟದ ಕೊರತೆಗಳು



ಆಟ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟ, ಚಿನ್ನಿದಾಂಡು. ಕಾಸರಗೋಡಿನ ಕಡೆಯವರು ಅಳಗುಳಿಮಣೆಗೆ ಚೆನ್ನೆಮಣೆ ಎನ್ನುತ್ತಾರೆ. ಹೆಸರು ಊರಿಂದೂರಿಗೆ ಬದಲಾಗುತ್ತದೆ. ಆದರೆ ಒಂದು ಮಾತು ಮಾತ್ರ ಎಲ್ಲ ಊರಿನಲ್ಲೂ ಒಂದೇ. ಆಟಕ್ಕೆ ಕೂರುವ ಮೊದಲೇ ನಿಯಮ ಹೇಳಬೇಕು. ಅರ್ಧ ಆಟ ಮುಗಿದ ಮೇಲೆ, "ಅಲ್ಲಿ ನೀನು ಹಾಗೆ ಮಾಡಬೇಕಿತ್ತು, ಮಾಡಲಿಲ್ಲ, ಆದ್ದರಿಂದ ನೀನು ಆಗಲೇ ಸೋತಿದ್ದೀಯ" ಎಂದು ಯಾರಾದರೂ ಹೇಳಿದರೆ ನಾವು ಕಾಯಿ ಕೆಡಿಸಿ ಎದ್ದುಬಿಡುತ್ತೇವೆ. ಅದಕ್ಕೆ ಕಳ್ಳಾಟ ಎನ್ನುತ್ತೇವೆ.

ಇವತ್ತು ನಾನು ನಿಮ್ಮ ಮುಂದಿಡುವುದು ಇಂಥದೇ ಒಂದು ಆಟದ ವಿಷಯ. ಇದು ಮಣೆಯ ಮೇಲಿನ ಆಟವಲ್ಲ, ಕಂಪ್ಯೂಟರಿನ ತೆರೆಯ ಮೇಲಿನ ಆಟ. ಹೆಸರು 'ಕಿಂಗ್ಸ್ ಕ್ವೆಸ್ಟ್'. ರಾಜನ ಹುಡುಕಾಟ ಎಂದು ನಾವು ಹೇಳಿಕೊಳ್ಳಬಹುದು. ಅದರಲ್ಲಿ ಐದನೆಯ ಭಾಗ. 1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ಆನ್‌ಲೈನ್ ಎಂಬ ಸಂಸ್ಥೆ ಅದನ್ನು ಹೊರತಂದಿತು. ರಚಿಸಿದವರು ರಾಬರ್ಟಾ ವಿಲಿಯಮ್ಸ್ ಎಂಬ ಮಹಿಳೆ. ಆ ಕಾಲಕ್ಕೆ ಅದು ಬಹಳ ಹೆಸರು ಮಾಡಿದ ಆಟ, ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದ ಆಟ. ಹಾಗೆಯೇ, ಆಡಿದವರನ್ನು ಬಹಳ ಗೋಳು ಹೊಯ್ದುಕೊಂಡ ಆಟವೂ ಹೌದು.

ಮೂವತ್ತು ವರ್ಷಕ್ಕೂ ಹಳೆಯದಾದ ಪರದೇಶದ ಆಟವೊಂದರ ತಪ್ಪು ಎಣಿಸಿ ನಮಗೇನಾಗಬೇಕು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಂದು ನಮ್ಮ ಹಳ್ಳಿಯ ಮಕ್ಕಳ ಕೈಯಲ್ಲೂ ಮೊಬೈಲ್ ಇದೆ, ಅದರ ತುಂಬ ಆಟಗಳಿವೆ. ಒಳ್ಳೆಯ ಆಟ ಯಾವುದು, ಮೋಸದ ಆಟ ಯಾವುದು ಎಂದು ಗುರುತಿಸಲು ಬರಬೇಕಾದರೆ ಒಂದು ಆಟವನ್ನಾದರೂ ಬಿಚ್ಚಿ ನೋಡಬೇಕು. ಬಿಚ್ಚಿ ನೋಡುವುದಕ್ಕೆ ಹಳೆಯದೇ ಅನುಕೂಲ. ಹಳೆಯ ಗಡಿಯಾರದ ಹಲ್ಲುಚಕ್ರಗಳು ಕಣ್ಣಿಗೆ ಕಾಣುತ್ತವೆ, ಹೊಸದರವು ಕಾಣುವುದಿಲ್ಲ.

ಮೊದಲು ಈ ಬಗೆಯ ಆಟ ಏನೆಂದು ಹೇಳುತ್ತೇನೆ. ಇದರಲ್ಲಿ ಓಡುವುದು, ಗುಂಡು ಹಾರಿಸುವುದು ಇಲ್ಲ. ಇದೊಂದು ಕಥೆ. ಆಡುವವನೇ ಕಥಾನಾಯಕ. ದಾರಿಯಲ್ಲಿ ಸಿಕ್ಕ ವಸ್ತುಗಳನ್ನು ಎತ್ತಿ ಜೋಳಿಗೆಗೆ ಹಾಕಿಕೊಳ್ಳಬೇಕು. ಎದುರಿಗೆ ಬಂದವರನ್ನು ಮಾತನಾಡಿಸಬೇಕು. ಅಡ್ಡಿ ಬಂದ ಕಡೆ ಜೋಳಿಗೆಯಿಂದ ಸರಿಯಾದ ವಸ್ತು ತೆಗೆದು ಬಳಸಬೇಕು. ಬೀಗಕ್ಕೆ ಕೀಲಿ, ಹಸಿದವನಿಗೆ ಅನ್ನ, ಹೀಗೆ. 1970ರ ದಶಕದಲ್ಲಿ ವಿಲ್ ಕ್ರೌಥರ್ ಮತ್ತು ಡಾನ್ ವುಡ್ಸ್ ಎಂಬಿಬ್ಬರು ಮಾಡಿದ ಗುಹೆಯ ಆಟದಿಂದ ಈ ವಂಶ ಹುಟ್ಟಿತು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಆ ಆಟಕ್ಕೆ ಮಾರುಹೋದ ರಾಬರ್ಟಾ, ಗಂಡ ಕೆನ್ ವಿಲಿಯಮ್ಸ್ ಜೊತೆಗೂಡಿ 1980ರಲ್ಲಿ 'ಮಿಸ್ಟರಿ ಹೌಸ್' ಎಂಬ ಆಟ ಮಾಡಿದರು. ಅಕ್ಷರದ ಜೊತೆಗೆ ಗೆರೆಚಿತ್ರಗಳನ್ನೂ ಸೇರಿಸಿದರು. 1984ರಲ್ಲಿ 'ಕಿಂಗ್ಸ್ ಕ್ವೆಸ್ಟ್' ಮೊದಲ ಭಾಗ ಬಂತು.

ಮೊದಲ ನಾಲ್ಕು ಭಾಗಗಳಲ್ಲಿ ಆಡುವವರು ಇಂಗ್ಲಿಷಿನಲ್ಲಿ ಆಜ್ಞೆಯನ್ನು ಟೈಪು ಮಾಡಬೇಕಿತ್ತು. ಬಾಗಿಲು ತೆಗೆ, ಕಲ್ಲು ಎತ್ತು ಎಂದು. ಪದ ಸ್ವಲ್ಪ ಬೇರೆಯಾದರೂ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಐದನೆಯ ಭಾಗದಲ್ಲಿ ಈ ಟೈಪಿಂಗ್ ಹೋಯಿತು. ಮೌಸ್ ಬಂತು. ತೆರೆಯ ಮೇಲೆ ಪುಟ್ಟ ಪುಟ್ಟ ಚಿಹ್ನೆಗಳು: ನಡೆಯಲು ಒಂದು, ನೋಡಲು ಕಣ್ಣು, ಮುಟ್ಟಲು ಕೈ, ಮಾತಿಗೆ ಇನ್ನೊಂದು. ಬೇಕಾದ್ದನ್ನು ಆರಿಸಿ ಚಿತ್ರದ ಮೇಲೆ ಒತ್ತಿದರೆ ಸಾಕು. ಅಕ್ಷರ ಬಾರದ ಮಗುವೂ ನಾಯಕನನ್ನು ನಡೆಸಬಹುದು. ಜೊತೆಗೆ ಚಿತ್ರಗಳು 256 ಬಣ್ಣಗಳಲ್ಲಿ ಬಂದವು. ಚಿತ್ರಕಾರರು ಕುಂಚದಿಂದ ಕಾಗದದ ಮೇಲೆ ಬರೆದ ಕಾಡು, ಬೆಟ್ಟ, ಪೇಟೆಗಳನ್ನು ಯಂತ್ರದೊಳಗೆ ಇಳಿಸಿದ್ದರು. ಅಲ್ಲಿಯವರೆಗೆ 16 ಬಣ್ಣಗಳ ಆಟ ನೋಡಿದವರಿಗೆ ಇದು ಕ್ಯಾಲೆಂಡರಿನ ಚಿತ್ರ ಜೀವ ತಳೆದಂತೆ ಕಂಡಿತು. ಈ ಮೆಚ್ಚುಗೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಚೆಂದಕ್ಕೆ ಕೊರತೆ ಇರಲಿಲ್ಲ.

ಇನ್ನು ಕಥೆ. ಡ್ಯಾವೆಂಟ್ರಿ ಎಂಬ ರಾಜ್ಯಕ್ಕೆ ಗ್ರಹಾಮ್ ಎಂಬ ರಾಜ. ಒಂದು ದಿನ ಅವನು ಹೊರಗೆ ಹೋಗಿದ್ದಾಗ ಮಾರ್ಡಾಕ್ ಎಂಬ ಮಾಂತ್ರಿಕ ಬಂದು, ರಾಣಿ, ರಾಜಕುಮಾರ, ರಾಜಕುಮಾರಿ ಸಮೇತ ಇಡೀ ಅರಮನೆಯನ್ನೇ ಮಂತ್ರದಿಂದ ಹೊತ್ತುಕೊಂಡು ಹೋಗುತ್ತಾನೆ. ಕಾರಣ ಹಳೆಯ ಹಗೆ. ಮಾರ್ಡಾಕನ ತಮ್ಮನೋ ಅಣ್ಣನೋ ಆದ ಇನ್ನೊಬ್ಬ ಮಾಂತ್ರಿಕನನ್ನು ಹಿಂದಿನ ಒಂದು ಭಾಗದಲ್ಲಿ ಇದೇ ರಾಜಕುಮಾರ ಬೆಕ್ಕನ್ನಾಗಿ ಮಾಡಿರುತ್ತಾನೆ. ರಾಜ ಮರಳಿ ಬಂದು ನೋಡಿದರೆ ಬರೀ ಬಯಲು. ಅಲ್ಲಿಗೆ ಸೆಡ್ರಿಕ್ ಎಂಬ ಮಾತಾಡುವ ಗೂಬೆ ಬಂದು, ಅವನನ್ನು ಸೆರೀನಿಯಾ ಎಂಬ ದೇಶಕ್ಕೆ, ಕ್ರಿಸ್ಪಿನ್ ಎಂಬ ಮುದಿ ಮಾಂತ್ರಿಕನ ಬಳಿಗೆ ಕರೆದೊಯ್ಯುತ್ತದೆ. ಕ್ರಿಸ್ಪಿನ್ ಒಂದು ಹಳೆಯ ಮಂತ್ರದಂಡ ಕೊಡುತ್ತಾನೆ, ಬಿಳಿ ಹಾವಿನ ಒಂದು ತುಂಡನ್ನು ತಿನ್ನಿಸುತ್ತಾನೆ. ಅದನ್ನು ತಿಂದ ಮೇಲೆ ರಾಜನಿಗೆ ಪ್ರಾಣಿಗಳ ಮಾತು ತಿಳಿಯುತ್ತದೆ.

ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಬಿಳಿ ಹಾವನ್ನು ತಿಂದು ಪ್ರಾಣಿಗಳ ಭಾಷೆ ಕಲಿತವನ ಕಥೆ ಒಂದಿದೆ. ಅವನು ದಾರಿಯಲ್ಲಿ ಮೀನಿಗೆ, ಇರುವೆಗೆ, ಕಾಗೆಮರಿಗಳಿಗೆ ಉಪಕಾರ ಮಾಡುತ್ತಾನೆ. ಮುಂದೆ ಕಷ್ಟ ಬಂದಾಗ ಅವು ಅವನ ಕೈ ಹಿಡಿಯುತ್ತವೆ. ಈ ಬಗೆಯ ಕಥೆ ನಮಗೂ ಹೊಸದಲ್ಲ. ಪಂಚತಂತ್ರದಲ್ಲಿ ಬಲೆಗೆ ಬಿದ್ದ ಪಾರಿವಾಳಗಳನ್ನು ಇಲಿಯು ಬಲೆ ಕಡಿದು ಬಿಡಿಸುವುದನ್ನು ಕೇಳಿಯೇ ನಾವು ಬೆಳೆದದ್ದು. ಮಾಡಿದ ಉಪಕಾರ ವ್ಯರ್ಥವಾಗದು ಎಂಬುದು ಆ ಕಥೆಗಳ ತಿರುಳು. 'ಕಿಂಗ್ಸ್ ಕ್ವೆಸ್ಟ್' ಐದನೆಯ ಭಾಗವೂ ಇದೇ ತಿರುಳನ್ನು ತೆಗೆದುಕೊಂಡಿದೆ. ಇರುವೆಯ ಗೂಡನ್ನು ಕೆದಕುತ್ತಿದ್ದ ನಾಯಿಯನ್ನು ದೂರ ಮಾಡಿದರೆ, ಮುಂದೆ ಇರುವೆಗಳು ಹುಲ್ಲಿನ ಬಣವೆಯಿಂದ ಚಿನ್ನದ ಸೂಜಿ ಹುಡುಕಿ ಕೊಡುತ್ತವೆ. ಜೇನುಗೂಡಿಗೆ ಕೈ ಹಾಕಿದ ಕರಡಿಗೆ ಮೀನು ಕೊಟ್ಟು ಕಳಿಸಿದರೆ ಜೇನುಹುಳುಗಳು ಜೇನುತಟ್ಟಿ ಕೊಡುತ್ತವೆ. ಇಲ್ಲಿಯವರೆಗೆ ಸರಿ.

ಈಗ ಮೊದಲನೆಯ ಕೊರತೆಗೆ ಬರೋಣ. ಅದು ಇಲಿಯ ಪ್ರಸಂಗ.

ಪೇಟೆಯ ಹತ್ತಿರ ಒಂದು ಬೇಕರಿ. ಅದರ ಮುಂದೆ ರಾಜ ಹೋಗುವಾಗ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ದೃಶ್ಯ ಮುಗಿದುಹೋಗುತ್ತದೆ. ಅಷ್ಟರೊಳಗೆ ಜೋಳಿಗೆಯಿಂದ ಒಂದು ಹಳೆಯ ಬೂಟನ್ನು ತೆಗೆದು ಬೆಕ್ಕಿನತ್ತ ಎಸೆಯಬೇಕು. ಎಸೆದರೆ ಇಲಿ ಬದುಕುತ್ತದೆ. ಆ ಬೂಟು ಎಲ್ಲಿ ಸಿಗುತ್ತದೆ? ದೇಶದ ಇನ್ನೊಂದು ಮೂಲೆಯ ಮರಳುಗಾಡಿನಲ್ಲಿ, ಒಂದು ಅಸ್ಥಿಪಂಜರದ ಪಕ್ಕದಲ್ಲಿ. ಮರಳುಗಾಡಿಗೆ ಹೋಗದೆ ಮೊದಲು ಬೇಕರಿಗೆ ಬಂದವನ ಕೈಯಲ್ಲಿ ಬೂಟು ಇರುವುದಿಲ್ಲ. ಅವನು ನೋಡನೋಡುತ್ತಿದ್ದಂತೆ ಬೆಕ್ಕು ಇಲಿಯನ್ನು ಹಿಡಿದುಬಿಡುತ್ತದೆ.

ಆಡುವವನು ಏನೆಂದುಕೊಳ್ಳುತ್ತಾನೆ? ಬೆಕ್ಕು ಇಲಿ ಹಿಡಿಯುವುದು ಲೋಕದ ರೂಢಿ, ಇದೇನೋ ಚೆಂದಕ್ಕೆ ತೋರಿಸಿದ್ದು ಎಂದುಕೊಂಡು ಮುಂದೆ ಹೋಗುತ್ತಾನೆ. ಆಟವೂ ಏನೂ ಹೇಳುವುದಿಲ್ಲ. ಇನ್ನೂ ಎಷ್ಟೋ ಹೊತ್ತು ಆಡುತ್ತಾನೆ, ಎಷ್ಟೋ ಒಗಟು ಬಿಡಿಸುತ್ತಾನೆ. ಕೊನೆಗೆ ಒಂದು ಹೋಟೆಲಿನೊಳಗೆ ಕಾಲಿಡುತ್ತಾನೆ. ಅಲ್ಲಿ ಮೂವರು ಪುಂಡರು ಅವನನ್ನು ಹಗ್ಗದಲ್ಲಿ ಕಟ್ಟಿ ನೆಲಮಾಳಿಗೆಗೆ ತಳ್ಳುತ್ತಾರೆ. ಇಲಿಯನ್ನು ಉಳಿಸಿದ್ದವನಿಗೆ ಅದೇ ಇಲಿ ಬಂದು ಹಗ್ಗ ಕಡಿದು ಬಿಡಿಸುತ್ತದೆ. ಉಳಿಸದವನಿಗೆ ಯಾರೂ ಬರುವುದಿಲ್ಲ. ಅವನ ಆಟ ಅಲ್ಲಿಗೆ ಮುಗಿಯಿತು. ಹೋಟೆಲಿಗೆ ಹೋಗದೇ ಇರೋಣವೆಂದರೆ ಅದೂ ಆಗದು. ಅವನನ್ನು ಕಟ್ಟಿದ ಆ ಹಗ್ಗವೇ ಮುಂದೆ ಬೆಟ್ಟ ಹತ್ತಲು ಬೇಕು.

ಶ್ರೋತೃಗಳೇ, ಇಲ್ಲಿ ತಪ್ಪು ಎಲ್ಲಿದೆ ಗಮನಿಸಿ. ಸೋತದ್ದು ತಪ್ಪಲ್ಲ. ಆಟದಲ್ಲಿ ಸೋಲು ಇರಲೇಬೇಕು. ಸೋತದ್ದು ಒಂದು ಗಳಿಗೆಯಲ್ಲಿ, ಸೋಲು ತಿಳಿಸಿದ್ದು ಇನ್ನೊಂದು ಗಳಿಗೆಯಲ್ಲಿ. ನಡುವೆ ಹೋದ ಹೊತ್ತು ಆಡಿದವನದ್ದು. ತನಗೆ ಏಕೆ ಹೀಗಾಯಿತು ಎಂದು ಅವನಿಗೆ ಕೊನೆಗೂ ತಿಳಿಯುವುದಿಲ್ಲ. ನೆಲಮಾಳಿಗೆಯಲ್ಲಿ ಕೂತು ಬೇಕರಿಯ ಮುಂದಿನ ಬೆಕ್ಕನ್ನು ಯಾರು ನೆನೆದಾರು? ಜನಪದ ಕಥೆಯಲ್ಲಿ ನಾಯಕ ಉಪಕಾರ ಮಾಡುವುದು ತನ್ನ ಬಳಿ ಆಗ ಏನಿದೆಯೋ ಅದರಿಂದ, ಮನಸ್ಸಿನ ಮರುಕದಿಂದ. ಇಲ್ಲಿ ಮರುಕ ಇದ್ದೂ ಬೂಟು ಇಲ್ಲದವನು ಕಟುಕನ ಸಾಲಿಗೆ ಸೇರಿದ. ಕಥೆಯ ತಿರುಳೇ ತಿರುಗುಮುರುಗಾಯಿತು.

ಎರಡನೆಯ ಪ್ರಸಂಗ ಬುತ್ತಿಯದು. ಹಿಮದ ಬೆಟ್ಟ ಹತ್ತುವಾಗ ರಾಜನಿಗೆ ಹಸಿವಾಗುತ್ತದೆ. ತಿನ್ನದಿದ್ದರೆ ಸಾಯುತ್ತಾನೆ. ಜೋಳಿಗೆಯಲ್ಲಿ ಎರಡು ತಿನಿಸು ಇವೆ. ಒಂದು, ಬೇಕರಿಯಲ್ಲಿ ಬೆಳ್ಳಿ ನಾಣ್ಯ ಕೊಟ್ಟು ಕೊಂಡ ಕಸ್ಟರ್ಡ್ ಪೈ, ಅಂದರೆ ಹಾಲು ಮೊಟ್ಟೆಯ ಹೂರಣ ತುಂಬಿದ ಸಿಹಿ ತಿಂಡಿ. ಇನ್ನೊಂದು, ಹೋಟೆಲಿನ ಅಡುಗೆಮನೆಯಿಂದ ತಂದ ಕುರಿಮರಿಯ ತೊಡೆ. ಯಾವುದನ್ನು ತಿನ್ನುತ್ತೀರಿ? ಸಿಹಿ ತಿಂಡಿ ಕೆಡುತ್ತದೆ, ಅದನ್ನೇ ಮೊದಲು ತಿನ್ನೋಣ ಎಂದರೆ ಕೆಟ್ಟಿರಿ. ಮುಂದೆ ಯೇತಿ, ಅಂದರೆ ಹಿಮಮಾನವ, ಮೇಲೆ ಬೀಳುತ್ತಾನೆ. ಅವನನ್ನು ಸೋಲಿಸುವ ಆಯುಧ ಕತ್ತಿಯಲ್ಲ, ಕೊಡಲಿಯಲ್ಲ, ಆ ಸಿಹಿ ತಿಂಡಿ! ಅದನ್ನು ಅವನ ಮುಖಕ್ಕೆ ಎಸೆಯಬೇಕು. ಕಣ್ಣು ಮುಚ್ಚಿ ಅವನು ಕಣಿವೆಗೆ ಬೀಳುತ್ತಾನೆ. ಸರಿ, ಹಾಗಾದರೆ ಮಾಂಸವನ್ನೇ ಪೂರ್ತಿ ತಿಂದರೆ? ಆಗಲೂ ಕೆಟ್ಟಿರಿ. ಅರ್ಧ ಮಾತ್ರ ತಿನ್ನಬೇಕು. ಉಳಿದರ್ಧವನ್ನು ದಾರಿಯಲ್ಲಿ ಹಸಿದು ಬಿದ್ದ ಹದ್ದಿಗೆ ಕೊಡಬೇಕು. ಆ ಹದ್ದೇ ಮುಂದೆ ರಾಜನನ್ನು ದೈತ್ಯ ಪಕ್ಷಿಯ ಗೂಡಿನಿಂದ ಬಿಡಿಸಿ ಹೊತ್ತೊಯ್ಯುತ್ತದೆ.

ಹದ್ದಿಗೆ ಅರ್ಧ ಬುತ್ತಿ ಕೊಡುವುದು ನಿಜಕ್ಕೂ ಒಳ್ಳೆಯ ಕಲ್ಪನೆ. ನಮ್ಮ ಅಜ್ಜಿಯರೂ ಮೆಚ್ಚುತ್ತಿದ್ದರು. ಆದರೆ ಸಿಹಿ ತಿಂಡಿ ಯೇತಿಯ ಮುಖಕ್ಕೆ ಎಂಬುದು? ಅಮೆರಿಕದ ಹಳೆಯ ಮೂಕಿ ಹಾಸ್ಯಚಿತ್ರಗಳಲ್ಲಿ ಒಬ್ಬರ ಮುಖಕ್ಕೆ ಒಬ್ಬರು ಇಂಥ ತಿಂಡಿ ಎಸೆದುಕೊಳ್ಳುವುದು ಒಂದು ರೂಢಿಯ ತಮಾಷೆ. ಅಲ್ಲಿ ಬೆಳೆದವರಿಗೆ ಪೈ ಎಂದರೆ ಎಸೆಯುವ ವಸ್ತು ಎಂಬ ನೆನಪು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಬೇರೆಯವರಿಗೆ ಹೋಳಿಗೆ ತಿನ್ನುವುದಕ್ಕೆ, ಎಸೆಯುವುದಕ್ಕಲ್ಲ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಇದಕ್ಕೇ ಬರುತ್ತೇನೆ.

ಮೂರನೆಯದು, ಎತ್ತಿಕೊಳ್ಳದೆ ಬಿಟ್ಟ ವಸ್ತುಗಳ ಕಥೆ. ಆಗ ಹೇಳಿದ ದೈತ್ಯ ಪಕ್ಷಿಯ ಗೂಡಿನಲ್ಲಿ ಕಡ್ಡಿಗಳ ನಡುವೆ ಒಂದು ಚಿನ್ನದ ಪದಕ ಮಿನುಗುತ್ತದೆ. ಹದ್ದು ಬರುವುದರೊಳಗೆ ಅದನ್ನು ಎತ್ತಿಕೊಳ್ಳಬೇಕು, ಆಮೇಲೆ ಆ ಗೂಡಿಗೆ ದಾರಿಯಿಲ್ಲ. ಆ ಪದಕ ಮಾಂತ್ರಿಕನ ಕೋಟೆಯಲ್ಲಿ ಊಳಿಗ ಮಾಡಿಕೊಂಡಿರುವ ಕಸಿಮಾ ಎಂಬ ರಾಜಕುಮಾರಿಯದು. ಅದನ್ನು ಅವಳಿಗೆ ಕೊಟ್ಟರೆ ಮಾತ್ರ ಅವಳ ನಂಬಿಕೆ, ಸಹಾಯ. ರಾಕ್ಷಸ ಪಕ್ಷಿಗಳ ದ್ವೀಪದಲ್ಲಿ ಒಂದು ಮೀನಿನ ಗಾಳ ಬಿದ್ದಿರುತ್ತದೆ. ಅದನ್ನೂ ಎತ್ತಿಕೊಂಡಿರಬೇಕು. ಕೋಟೆಯ ಸೆರೆಮನೆಯ ಗೋಡೆಯಲ್ಲಿ ಒಂದು ಇಲಿಬಿಲ. ಅದರೊಳಗೆ ಗಾಳ ಹಾಕಿ ಬೂಸ್ಟು ಹಿಡಿದ ಒಂದು ತುಂಡು ಚೀಸ್ ತೆಗೆಯಬೇಕು. ಆ ಚೀಸನ್ನು ಏನು ಮಾಡಬೇಕು? ಮಾರ್ಡಾಕನ ಪ್ರಯೋಗಶಾಲೆಯಲ್ಲಿ ಒಂದು ಯಂತ್ರ ಇದೆ. ಅದಕ್ಕೆ ಅವನ ಮಂತ್ರದಂಡವನ್ನೂ ತನ್ನ ಹಳೆಯ ಮಂತ್ರದಂಡವನ್ನೂ ಸಿಕ್ಕಿಸಿ, ನಡುವೆ ಈ ಬೂಸ್ಟು ಚೀಸ್ ಹಾಕಬೇಕು. ಆಗ ಅವನ ದಂಡದ ಶಕ್ತಿ ಇವನ ದಂಡಕ್ಕೆ ಹರಿಯುತ್ತದೆ.

ಚೀಸೇ ಏಕೆ? ಎಣ್ಣೆ ಏಕಲ್ಲ, ಸೌದೆ ಏಕಲ್ಲ? ಉತ್ತರ ಆಟದ ಒಳಗೆ ಎಲ್ಲೂ ಇಲ್ಲ. ನಮ್ಮ ಊರ ಕಟ್ಟೆಯ ಮೇಲೆ ಒಗಟು ಹೇಳುವವರಿಗೆ ಒಂದು ಅಳತೆ ಇದೆ. ಉತ್ತರ ಕೇಳಿದ ಮೇಲೆ, "ಅಯ್ಯೋ, ಇಷ್ಟೇನಾ! ನನಗೆ ಹೊಳೆಯಲಿಲ್ಲವಲ್ಲ" ಎಂದು ಸೋತವನು ಹಣೆ ಚಚ್ಚಿಕೊಂಡರೆ ಅದು ಒಳ್ಳೆಯ ಒಗಟು. "ಹಾಗೆಂದು ಯಾರು ಹೇಳಿದರು?" ಎಂದು ಜಗಳಕ್ಕೆ ಬಂದರೆ ಅದು ಒಗಟೇ ಅಲ್ಲ. ಚೀಸಿನ ಯಂತ್ರ ಎರಡನೆಯ ಜಾತಿಯದು.

ನಾಲ್ಕನೆಯ ಕೊರತೆ ಮರಳುಗಾಡು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮರಳು, ಗುರುತಿಲ್ಲ, ನಕ್ಷೆಯಿಲ್ಲ. ಕೆಲವು ಹೆಜ್ಜೆಗಳಲ್ಲಿ ನೀರು ಸಿಗದಿದ್ದರೆ ರಾಜ ಬಾಯಾರಿ ಸಾಯುತ್ತಾನೆ. ಓಯಸಿಸ್ ಎಲ್ಲಿದೆ ಎಂದು ತಿಳಿಯಬೇಕಾದರೆ ಸತ್ತು ಸತ್ತೇ ಕಲಿಯಬೇಕು. ಆಡುವವರು ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಚೌಕ ಹಾಕಿ, ಸತ್ತ ಜಾಗಕ್ಕೆ ಗುರುತು ಮಾಡುತ್ತಾ ಹೋಗಬೇಕು. ಇದರಲ್ಲಿ ಬುದ್ಧಿಗೆ ಕೆಲಸವಿಲ್ಲ, ತಾಳ್ಮೆಗೆ ಮಾತ್ರ ಕೆಲಸ.

ಐದನೆಯದು ಗೂಬೆ. ಈ ಸೆಡ್ರಿಕ್ ರಾಜನ ಜೊತೆಗಾರ. ಆದರೆ ಎಲ್ಲಿ ಅಪಾಯವೋ ಅಲ್ಲಿ ಅದು ಹೊರಗೇ ಕೂತಿರುತ್ತದೆ. ಎಚ್ಚರಿಕೆ ಹೇಳುವುದು ಕಣ್ಣಿಗೆ ಕಾಣುವ ಹಾವಿನ ವಿಷಯದಲ್ಲಿ. ಬೂಟಿನ ಬಗ್ಗೆ, ಪದಕದ ಬಗ್ಗೆ, ಗಾಳದ ಬಗ್ಗೆ ಒಂದು ಮಾತಿಲ್ಲ. ಬದಲಿಗೆ ಅದನ್ನೇ ತೋಳಗಳು ಹೊತ್ತೊಯ್ಯುತ್ತವೆ, ರಾಕ್ಷಸ ಪಕ್ಷಿಗಳು ಗಾಯ ಮಾಡುತ್ತವೆ, ರಾಜನೇ ಹೋಗಿ ಬಿಡಿಸಬೇಕು, ಆರೈಕೆ ಮಾಡಿಸಬೇಕು. ಮುಂದೆ ಸಿಡಿ ತಟ್ಟೆಯಲ್ಲಿ ಮಾತಿನ ಸಹಿತ ಆವೃತ್ತಿ ಬಂದಾಗ ಸಂಸ್ಥೆಯ ನೌಕರರೇ ಪಾತ್ರಗಳಿಗೆ ಧ್ವನಿ ಕೊಟ್ಟರು. ಆಗಂತೂ ಗೂಬೆಯ ಕೀರಲು ದನಿ ಕೇಳಿ ಅನೇಕರಿಗೆ ಅದರ ಮೇಲೆ ಇನ್ನಷ್ಟು ಸಿಟ್ಟು ಬಂತು. ಆದರೂ ಒಂದು ಮಾತು ಹೇಳಬೇಕು. ಕೊನೆಯ ಕಾಳಗದಲ್ಲಿ ಮಾರ್ಡಾಕ್ ಬಿಟ್ಟ ಮಂತ್ರದ ಏಟು ರಾಜನಿಗೆ ತಗಲದೆ ಈ ಗೂಬೆಗೆ ತಗಲುತ್ತದೆ. ಪುಕ್ಕಲು ಗೂಬೆಯಿಂದ ಅಷ್ಟಾದರೂ ಆಯಿತು. ಪಾತ್ರದ ಕಲ್ಪನೆ ಕೆಟ್ಟದ್ದಲ್ಲ, ಅದಕ್ಕೆ ಕೊಟ್ಟ ಕೆಲಸ ಸಾಲದು. ಎಚ್ಚರಿಸಬೇಕಾದ ಕಡೆ ಎಚ್ಚರಿಸಲು ಗೂಬೆಯನ್ನೇ ಬಳಸಿದ್ದರೆ ಆಟದ ಅರ್ಧ ಕೊರತೆ ನೀಗುತ್ತಿತ್ತು.

ಹಾಗಾದರೆ ಇಷ್ಟು ಹೆಸರಾಂತ ಸಂಸ್ಥೆ ಹೀಗೇಕೆ ಮಾಡಿತು? ಅವರ ಪಕ್ಷದಿಂದಲೂ ಸ್ವಲ್ಪ ನೋಡಬೇಕು. ಆ ಕಾಲದಲ್ಲಿ ಆಟವೆಂದರೆ ದುಬಾರಿ ಸರಕು. ಹಣ ಕೊಟ್ಟವನು ಎರಡು ಸಂಜೆಯಲ್ಲಿ ಮುಗಿಸಿಬಿಟ್ಟರೆ ಬೈಯುತ್ತಿದ್ದ. ಫ್ಲಾಪಿ ತಟ್ಟೆಗಳಲ್ಲಿ ಜಾಗ ಕಡಿಮೆ, ಕಥೆಯನ್ನು ಉದ್ದ ಮಾಡಲಾಗದು. ಆದ್ದರಿಂದ ದಾರಿಯನ್ನು ಕಷ್ಟ ಮಾಡಿ ಹೊತ್ತನ್ನು ಉದ್ದ ಮಾಡಿದರು. ಹಳೆಯ ಅಕ್ಷರದ ಆಟಗಳಿಂದಲೂ ಸಾಯಿಸಿ ಸಾಯಿಸಿ ಕಲಿಸುವುದು ರೂಢಿಯಾಗಿ ಬಂದಿತ್ತು. ಆಡುವವರು ಆಟವನ್ನು ಅಲ್ಲಲ್ಲಿ ಉಳಿಸಿಟ್ಟುಕೊಳ್ಳಬಹುದು, ಸತ್ತರೆ ಉಳಿಸಿದ ಕಡೆಯಿಂದ ಮತ್ತೆ ಶುರು ಮಾಡಬಹುದು, ಇದೇನು ದೊಡ್ಡ ಶಿಕ್ಷೆ ಎಂಬುದು ಅವರ ವಾದ. ಆದರೆ ಇಲಿ ಸತ್ತ ಮೇಲೆ ಉಳಿಸಿಟ್ಟರೆ ಆ ಉಳಿಕೆಗೆ ಬೆಲೆ ಏನು? ಅದು ಒಡೆದ ಕೊಡದಲ್ಲಿ ನೀರು ತುಂಬಿಟ್ಟಂತೆ.

ಇನ್ನೊಂದು ಸಂಗತಿಯೂ ಇದೆ. ಇದೇ ಸಂಸ್ಥೆ ಉತ್ತರದ ಪುಸ್ತಕಗಳನ್ನೂ ಪ್ರತ್ಯೇಕವಾಗಿ ಮಾರುತ್ತಿತ್ತು. ನಿಮಿಷದ ಲೆಕ್ಕದಲ್ಲಿ ಹಣ ತೆಗೆದುಕೊಂಡು ಫೋನಿನಲ್ಲಿ ಸುಳಿವು ಹೇಳುತ್ತಿತ್ತು. ಅದಕ್ಕಾಗಿಯೇ ಬೇಕೆಂದು ಗಂಟು ಹಾಕಿದರು ಎಂದು ನಾನು ಹೇಳುವುದಿಲ್ಲ. ಆದರೆ ಗಂಟು ಹಾಕುವವನೂ ಬಿಚ್ಚಲು ಕೂಲಿ ಕೇಳುವವನೂ ಒಬ್ಬನೇ ಆದಾಗ ಗಂಟು ಸಡಿಲವಾಗಿರಲಿ ಎಂಬ ಆತುರ ಯಾರಿಗೂ ಇರುವುದಿಲ್ಲ. ಇಂದಿನ ಮೊಬೈಲ್ ಆಟಗಳಲ್ಲಿ ದಾರಿ ಕಟ್ಟಿಹಾಕಿ, ಮುಂದೆ ಹೋಗಲು ಹಣ ಕೊಡಿ ಎನ್ನುವುದನ್ನು ನೀವು ನೋಡಿದ್ದೀರಿ. ಮಕ್ಕಳ ಕೈಗೆ ಮೊಬೈಲ್ ಕೊಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅದೇ ಕಾಲದಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ ಇತ್ತು. ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಆಟದ ವಿಭಾಗದಲ್ಲಿ ರಾನ್ ಗಿಲ್ಬರ್ಟ್ ಎಂಬವರಿದ್ದರು. 1989ರಲ್ಲಿ ಅವರು ಈ ಬಗೆಯ ಆಟಗಳು ಏಕೆ ಬೇಸರ ತರುತ್ತವೆ ಎಂದು ಒಂದು ಲೇಖನವನ್ನೇ ಬರೆದರು. ಆಡುವವನಿಗೆ ಗುರಿ ತಿಳಿದಿರಬೇಕು. ಹಿಂದೆ ಏನನ್ನೋ ಎತ್ತಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಮುಂದೆ ದಾರಿ ಮುಚ್ಚಬಾರದು. ಸತ್ತು ಕಲಿಯುವಂತೆ ಮಾಡಬಾರದು. ಇವು ಅವರ ಮಾತಿನ ಸಾರ. 1990ರಲ್ಲಿಯೇ ಬಂದ ಅವರ 'ಮಂಕಿ ಐಲೆಂಡ್' ಆಟದಲ್ಲಿ ನಾಯಕ ಸಾಯುವುದು ಬಹುತೇಕ ಅಸಾಧ್ಯ. ಅವನು ನೀರಿನೊಳಗೆ ಹತ್ತು ನಿಮಿಷ ಉಸಿರು ಕಟ್ಟಬಲ್ಲೆ ಎಂದು ಜಂಬ ಕೊಚ್ಚುತ್ತಾನೆ. ಅವನನ್ನು ನಿಜವಾಗಿಯೂ ಹತ್ತು ನಿಮಿಷ ನೀರಿನಲ್ಲೇ ಬಿಟ್ಟರೆ ಮಾತ್ರ ಸಾಯುತ್ತಾನೆ! ಸಾವಿನ ಹೆದರಿಕೆ ಇಲ್ಲದಿದ್ದರೆ ಆಟಕ್ಕೆ ರುಚಿ ಹೋಗುತ್ತದೆ ಎಂದವರು ಇದ್ದರು. ಹಾಗೇನೂ ಆಗಲಿಲ್ಲ. ಆ ಆಟವನ್ನು ಜನ ಇಂದಿಗೂ ನೆನೆಯುತ್ತಾರೆ.

ಆದರೆ ಇವರೂ ಒಂದು ಕಡೆ ಎಡವಿದರು. ಅದು ನಮ್ಮಂಥ ಎರಡು ಭಾಷೆಯ ಜನ ಗಮನಿಸಬೇಕಾದ ಎಡವು. 1991ರ 'ಮಂಕಿ ಐಲೆಂಡ್' ಎರಡನೆಯ ಭಾಗದಲ್ಲಿ ಒಂದು ಜಲಪಾತದ ನೀರು ನಿಲ್ಲಿಸಬೇಕು. ಅದಕ್ಕೆ ಒಂದು ತಿರುಪು ತಿರುಗಿಸಬೇಕು. ಏನಿಂದ? ಒಂದು ಕೋತಿಯಿಂದ! ಕೋತಿಯನ್ನು ಹಿಡಿದು ಸ್ಪ್ಯಾನರಿನಂತೆ ತಿರುಗಿಸಬೇಕು. ಕಾರಣ, ಅಮೆರಿಕದ ಇಂಗ್ಲಿಷಿನಲ್ಲಿ ಒಂದು ಬಗೆಯ ಸ್ಪ್ಯಾನರಿಗೆ 'ಮಂಕಿ ರೆಂಚ್' ಎಂಬ ಹೆಸರು. ಇದು ಪದದ ಮೇಲಿನ ಚೇಷ್ಟೆ. ಆ ಪದ ಬಲ್ಲವನಿಗೆ ನಗು, ಬಾರದವನಿಗೆ ಗೋಡೆ. ಇಂಗ್ಲೆಂಡಿನ ಇಂಗ್ಲಿಷಿನವರಿಗೇ ಅದು ರೂಢಿಯ ಪದವಲ್ಲ. ಸೊಲ್ಲಾಪುರದ ಗ್ಯಾರೇಜಿನಲ್ಲಿ ಪಾನಾ ಎನ್ನುವವನಿಗೆ, ಹೊಸೂರಿನಲ್ಲಿ ಸ್ಪ್ಯಾನರ್ ಎನ್ನುವವನಿಗೆ ಕೋತಿ ಹೇಗೆ ಹೊಳೆಯಬೇಕು? ಅವನಿಗೆ ಬುದ್ಧಿ ಕಡಿಮೆಯೇ? ಅಲ್ಲ. ಪ್ರಶ್ನೆ ಅವನ ಮನೆಯ ಮಾತಿನಲ್ಲಿ ಹುಟ್ಟಿದ್ದಲ್ಲ, ಅಷ್ಟೇ. ಯೇತಿಯ ಮುಖಕ್ಕೆ ಎಸೆದ ಪೈ ಕೂಡ ಇದೇ ಜಾತಿಯದು.

ಗಡಿನಾಡಿನ ಶಾಲೆಗಳಲ್ಲಿ ಮಕ್ಕಳನ್ನು ಓದಿಸುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕ ಬರುವ ಮಗು ಲೆಕ್ಕದ ಪ್ರಶ್ನೆಯ ಭಾಷೆ ತಿಳಿಯದೆ ಸುಮ್ಮನೆ ಕೂರುವುದನ್ನು ಅವರು ಕಂಡಿರುತ್ತಾರೆ. ಮಗುವಿನ ಮುಂದೆ ಶೂನ್ಯ ಬರೆಯುವ ಮೊದಲು, ಶೂನ್ಯ ಲೆಕ್ಕಕ್ಕೋ ಭಾಷೆಗೋ ಎಂದು ಕೇಳಿಕೊಳ್ಳಬೇಕು. ಕಚೇರಿಗಳ ವಿಷಯವೂ ಹೀಗೇ. ಮೊದಲ ಕಿಟಕಿಯಲ್ಲಿ ಅರ್ಜಿ ತೆಗೆದುಕೊಂಡು, ಎರಡನೆಯ ಕಿಟಕಿಯಲ್ಲಿ ಮೊಹರು ಒತ್ತಿ, ಮೂರನೆಯ ಕಿಟಕಿಯಲ್ಲಿ, "ಆ ಒಂದು ದಾಖಲೆ ತಂದಿಲ್ಲವಲ್ಲ, ಮತ್ತೆ ಮೊದಲಿನಿಂದ ಬನ್ನಿ" ಎಂದರೆ ಹೇಗೆ? ದಾಖಲೆ ಕೇಳುವುದು ತಪ್ಪಲ್ಲ. ಮೊದಲ ಕಿಟಕಿಯಲ್ಲೇ ಹೇಳದಿದ್ದುದು ತಪ್ಪು. ಬೇಕರಿಯ ಮುಂದೆ ಬೂಟು ಇಲ್ಲದ ರಾಜನ ಪಾಡೂ, ಒಂದು ದಿನದ ಕೂಲಿ ಕಳೆದುಕೊಂಡು ತಾಲೂಕು ಕೇಂದ್ರದಿಂದ ಬರಿಗೈಯಲ್ಲಿ ಬಸ್ಸು ಹತ್ತಿದವನ ಪಾಡೂ ಒಂದೇ ಬಗೆಯದು.

ಆಟದ ಒಳ್ಳೆಯ ಪ್ರಸಂಗವನ್ನೂ ಒಂದು ಹೇಳಬೇಕು. ಕೊನೆಯಲ್ಲಿ ರಾಜನಿಗೂ ಮಾರ್ಡಾಕನಿಗೂ ರೂಪ ಬದಲಿಸುವ ಕಾಳಗ ನಡೆಯುತ್ತದೆ. ಅವನು ಹಾವಾಗುತ್ತಾನೆ, ರಾಜ ಏನಾಗಬೇಕು? ನೀವು ಆಗಲೇ ಹೇಳಿಬಿಟ್ಟಿರಿ. ಹೌದು, ಮುಂಗುಸಿ. ಅವನು ಸುತ್ತಲೂ ಉರಿಯುವ ಬೆಂಕಿಯಾಗುತ್ತಾನೆ, ರಾಜ ಮಳೆಮೋಡವಾಗಬೇಕು. ನೋಡಿ, ಯಾರೂ ಸುಳಿವು ಕೊಡಬೇಕಾಗಿಲ್ಲ. ತಪ್ಪಿದರೆ ತಪ್ಪಿದ್ದು ಆ ಕ್ಷಣದಲ್ಲೇ ತಿಳಿಯುತ್ತದೆ, ಏಕೆ ತಪ್ಪಿತು ಎಂದೂ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಮಗುವಿಗೂ ತಾಳವಾಡಿಯ ಮಗುವಿಗೂ ಬೆಂಕಿಯನ್ನು ಮಳೆ ಆರಿಸುತ್ತದೆ ಎಂಬುದು ಗೊತ್ತು. ಹಾಗೆಯೇ ದೋಣಿಯ ತೂತಿಗೆ ಜೇನುಮೇಣ ಮೆತ್ತುವ ಪ್ರಸಂಗ. ಅದೂ ಕೈಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ಅಂದಮೇಲೆ ರಾಬರ್ಟಾ ವಿಲಿಯಮ್ಸ್ ಅವರಿಗೆ ನ್ಯಾಯವಾದ ಒಗಟು ಕಟ್ಟಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಬರುತ್ತಿತ್ತು. ಅದರ ಪಕ್ಕದಲ್ಲೇ ಅನ್ಯಾಯದ್ದನ್ನೂ ಇಟ್ಟರು ಎಂಬುದೇ ಬೇಸರ. 1992ರ ಆರನೆಯ ಭಾಗವನ್ನು ಅವರು ಜೇನ್ ಜೆನ್‌ಸೆನ್ ಜೊತೆ ಸೇರಿ ಮಾಡಿದರು. ಕೊನೆ ಮುಟ್ಟಲು ಅದರಲ್ಲಿ ಒಂದಕ್ಕಿಂತ ಹೆಚ್ಚು ದಾರಿ ಇಟ್ಟರು. ಈ ಸಾಲಿನಲ್ಲಿ ಅದೇ ಉತ್ತಮ ಎನ್ನುವವರು ಹೆಚ್ಚು.

ಈ ಹಳೆಯ ಆಟ ಈಗಲೂ ಸಿಗುತ್ತದೆ. ಹೊಸ ಕಂಪ್ಯೂಟರಿನಲ್ಲಿ ಅದನ್ನು ಆಡಿಸುವ ತಂತ್ರಾಂಶಗಳೂ ಇವೆ. ಆಡಬಯಸುವವರಿಗೆ ಮೂರು ಕಿವಿಮಾತು. ಒಂದು, ಆಟವನ್ನು ಒಂದೇ ಕಡೆ ಉಳಿಸಬೇಡಿ. ಹತ್ತು ಕಡೆ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ, ಹಳೆಯದನ್ನು ಅಳಿಸಬೇಡಿ. ಎರಡು, ಒಬ್ಬರೇ ಕೂರಬೇಡಿ. ಅಣ್ಣ ತಂಗಿ, ತಂದೆ ಮಗಳು, ಗೆಳೆಯರು ಜೊತೆಗೆ ಕೂತು ಆಡಿ. ಇಂಗ್ಲಿಷ್ ಓದುವವರು ಓದಿ ಹೇಳಲಿ, ಉಳಿದವರು ಉಪಾಯ ಹೇಳಲಿ. ಮೂರು, ಅರ್ಧ ಗಂಟೆ ತಿಣುಕಿದರೂ ಹೊಳೆಯದಿದ್ದರೆ ಉತ್ತರ ನೋಡಿಬಿಡಿ, ನಾಚಿಕೆ ಬೇಡ. ನೋಡಿದ ಮೇಲೆ ನಿಮಗೆ ನೀವೇ ಆ ಕಟ್ಟೆಯ ಪ್ರಶ್ನೆ ಕೇಳಿಕೊಳ್ಳಿ: "ಅಯ್ಯೋ, ಇಷ್ಟೇನಾ" ಎನಿಸಿತೋ, "ಯಾರು ಹೇಳಿದರು" ಎನಿಸಿತೋ? ಮಕ್ಕಳಿಗೂ ಇದನ್ನು ಕಲಿಸಿ. ಮೊದಲನೆಯದು ಅನಿಸಿದರೆ ನಾವು ಇನ್ನಷ್ಟು ಯೋಚಿಸಬೇಕಿತ್ತು. ಎರಡನೆಯದು ಅನಿಸಿದರೆ ಕೊರತೆ ನಮ್ಮದಲ್ಲ, ಆಟದ್ದು. ಈ ಎರಡನ್ನು ಬೇರೆ ಮಾಡಲು ಕಲಿತ ಮಗು ಸುಮ್ಮಸುಮ್ಮನೆ ತನ್ನನ್ನು ದಡ್ಡನೆಂದು ತಿಳಿಯುವುದಿಲ್ಲ.

ನಮ್ಮ ಹುಡುಗ ಹುಡುಗಿಯರಲ್ಲಿ ಯಾರಾದರೂ ಮುಂದೆ ಕನ್ನಡದಲ್ಲೇ ಇಂಥ ಆಟ ಕಟ್ಟಿಯಾರು. ಅವರಲ್ಲಿ ನನ್ನದೊಂದು ವಿನಂತಿ. ದಾರಿಯಲ್ಲಿ ಮುಳ್ಳಿಡಿ, ಕಲ್ಲಿಡಿ, ಬೇಕಾದರೆ ಹಾವನ್ನೂ ಇಡಿ. ಆದರೆ ಬಂದವನು ತಪ್ಪು ದಾರಿ ಹಿಡಿದಾಗ ಅಲ್ಲೇ ಒಂದು ಮಾತು ಹೇಳಿಬಿಡಿ.